ಕಾಟಾ, ಕೊಯ್ತಾ, ಕಮಂಡಲು

ಮೀರಜಿನಿಂದ ಬೆಳಗಾವಿ ಕಡೆಗೆ ರೈಲು ಹಿಡಿಯುವವರು ಕೈಯಲ್ಲಿ ಸ್ವಲ್ಪ ಹೊತ್ತಿದ್ದರೆ ಸ್ಟೇಷನ್ನಿನ ಬೆಂಚಿನಲ್ಲಿ ಕೂರದೆ ಊರೊಳಗೆ ಸಿತಾರ್ ಮಾಡುವವರ ಗಲ್ಲಿಗೆ ಹೋಗಿಬರುವುದು ಒಳ್ಳೆಯದು. ಅಲ್ಲಿನ ಅಂಗಡಿಗಳಲ್ಲಿ ಒಣಗಿದ ಸೋರೆಬುರುಡೆಗಳು ಸಾಲುಸಾಲಾಗಿ ತೂಗಿರುತ್ತವೆ. ಪಂಢರಪುರ, ಮಂಗಳವೇಢೆ ಸೀಮೆಯ ಹೊಲಗಳಲ್ಲಿ ಬೆಳೆದ ಈ ಬುರುಡೆ ಒಳಗಿನ ತಿರುಳು ತೆಗೆಸಿಕೊಂಡು, ಮರದ ಕೊರಳು ಕೂಡಿಸಿಕೊಂಡು ತಂಬೂರಿಯಾಗುತ್ತದೆ. ಈ ಕಸುಬು ಹಿಡಿದ ಮನೆತನಗಳ ಹಿರಿಯರು ಶಿಕಲಗಾರರು, ಅಂದರೆ ಆಯುಧಗಳಿಗೆ ಸಾಣೆ ಹಿಡಿದು ಬದುಕಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಹಿಡಿತ ಬಿಗಿಯಾಗಿ ಸಂಸ್ಥಾನಗಳ ಕತ್ತಿಗಳು ಒರೆಯಲ್ಲೇ ಉಳಿದವು. ಆಗ ಫರೀದಸಾಹೇಬ ಎಂಬ ಕುಶಲಕರ್ಮಿ ತಂತಿವಾದ್ಯ ಮಾಡಲು ಕುಳಿತರು. ಉಕ್ಕಿನ ಅಂಚನ್ನು ಬೆರಳಿನಿಂದಲೇ ಅಳೆಯುತ್ತಿದ್ದ ಕೈ ತಂತಿಯ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಸರಿಸಿ, ನಾದಕ್ಕೆ ಗುಂಗು ಕೊಡುವ ಜವಾರಿ ಕೂರಿಸುವುದನ್ನು ಕಲಿಯಿತು. ಮುಂದೆ ಇದೇ ಊರಿನಲ್ಲಿ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದರು, ಅದು ಗಾಯಕರು ಬಂದುಹೋಗುವ ಊರಾಯಿತು. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ದೊರಕಿತು.

ಆಯುಧದ ಕೆಲಸ ಹೋಯಿತು, ಆಯುಧ ಕಲಿಸಿದ ಹದ ಉಳಿಯಿತು. ಮೀರಜಿನಿಂದ ದಕ್ಷಿಣಕ್ಕೆ, ಕೃಷ್ಣೆಯ ದಂಡೆಗುಂಟ ಹೋಗುವಾಗ ಈ ಒಂದು ಮಾತನ್ನು ಜೊತೆಗಿಟ್ಟುಕೊಂಡರೆ ಮುಂದಿನ ಊರುಗಳು ಬೇರೆಯಾಗಿಯೇ ಕಾಣತೊಡಗುತ್ತವೆ.

ವಿಜಯನಗರ, ಶೇಡಬಾಳ, ಉಗಾರ, ಕುಡಚಿ. ಪ್ಯಾಸೆಂಜರ್ ಗಾಡಿ ಒಂದೊಂದರಲ್ಲೂ ನಿಂತು ಹೊರಡುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್‌ಗೇಜಾಗಿ ಹಾಕಿದ ಈ ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಡಬ್ಬಿಯೊಳಗಿನ ಮಾತು ಒಂದೇ ವಾಕ್ಯದಲ್ಲಿ ಕನ್ನಡದಿಂದ ಮರಾಠಿಗೆ ಹೋಗಿ ಮರಳುತ್ತದೆ. ಕಿಟಕಿಯ ಎರಡೂ ಬದಿಗೆ ಕಬ್ಬು, ಕಬ್ಬು, ನಡುವೆ ಎಲ್ಲೋ ಒಂದು ಗೋವಿನಜೋಳದ ಪಟ್ಟಿ, ಮತ್ತೆ ಕಬ್ಬು.

ಈ ಎರೆಮಣ್ಣು ಸುಮ್ಮನೆ ಬಗ್ಗಿದ್ದಲ್ಲ. ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಕಲ್ಲು. ಅದನ್ನು ಉಳಲೆಂದೇ ಇಲ್ಲಿನ ಜನ ಒಂದು ದನದ ತಳಿಯನ್ನೇ ಬೆಳೆಸಿದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿಯ ರಾಜರೂ ಸುತ್ತಲಿನ ಸಂಸ್ಥಾನಗಳವರೂ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಕಡೆಯ ದನಗಳನ್ನು ಕೂಡಿಸಿ ರೂಪಿಸಿದ ಕೃಷ್ಣಾ ಕಣಿವೆ ತಳಿ ಅದು. ಭಾರಿ ಮೈ, ಅಗಲ ಎದೆ, ಕೆಸರಿನಲ್ಲಿ ನಿಂತು ಎಳೆಯುವ ಶಕ್ತಿ. ಆದರೆ ಎತ್ತು ಗಟ್ಟಿಯಾದರೆ ಸಾಲದು, ಅದು ಎಳೆಯುವ ನೇಗಿಲೂ ಗಟ್ಟಿಯಿರಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿ, ಕೊನೆಗೆ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ರೈತರು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಅಂಜಿಕೆ ಗಟ್ಟಿಯಾಗಿತ್ತು, ಮೊದಲ ಕೆಲವೇ ನೇಗಿಲು ಖರ್ಚಾಗಲು ವರ್ಷಗಳೇ ಹಿಡಿದವು. 1910ರಲ್ಲಿ ಅವರು ಔಂಧ ಸಂಸ್ಥಾನದ ಬರಡು ನೆಲಕ್ಕೆ ಹೋಗಿ ಕಾರ್ಖಾನೆ ಹೂಡಿದರು. ಅದೇ ಇಂದಿನ ಕಿರ್ಲೋಸ್ಕರವಾಡಿ, ಮೀರಜಿನಿಂದ ಪುಣೆ ಕಡೆಗೆ ಹೋಗುವ ರೈಲುದಾರಿಯಲ್ಲಿದೆ. ನೇಗಿಲಿನ ಹಿಂದೆ ಕಬ್ಬಿನ ಗಾಣ ಬಂತು, ಗಾಣದ ಹಿಂದೆ ಪಂಪು. ಪಂಪು ಬಂದ ಮೇಲೆ ನದಿ ಹೊಲದೊಳಗೇ ಬಂತು. ಟ್ರ್ಯಾಕ್ಟರ್ ಬಂದ ಮೇಲೆ ಆ ಭಾರಿ ಎತ್ತಿಗೆ ಕೆಲಸ ಉಳಿಯಲಿಲ್ಲ. ಮಣ್ಣಿಗಾಗಿ ಬೆಳೆಸಿದ ತಳಿ ಈಗ ಉಳಿಸಿಕೊಳ್ಳಬೇಕಾದ ತಳಿಗಳ ಸಾಲಿನಲ್ಲಿದೆ.

ಉಗಾರ ಖುರ್ದದ ಸ್ಟೇಷನ್ನಿನಲ್ಲಿ ಇಳಿದವರಿಗೆ ಹಂಗಾಮಿನ ದಿನಗಳಲ್ಲಿ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಕುದಿಯುವ ಕಬ್ಬಿನಹಾಲಿನ ವಾಸನೆ, ಅದರೊಳಗೆ ಕಾಕಂಬಿಯ ಹುಳಿಗಂಪು, ಹೊಗೆಕೊಳವೆ, ರಸ್ತೆಯುದ್ದಕ್ಕೂ ಬಿದ್ದ ಕಬ್ಬಿನ ಒಣಗರಿ, ಅಂದರೆ ರವದಿ, ತಾವೇ ದಾರಿ ತೋರಿಸುತ್ತವೆ. ಶಿರಗಾವಕರ ಮನೆತನದವರು 1939ರಲ್ಲಿ ಸ್ಥಾಪಿಸಿದ ಉಗಾರ ಶುಗರ್ ವರ್ಕ್ಸ್ ಈ ಊರಿನ ಹಗಲುರಾತ್ರಿಯನ್ನು ಇಂದಿಗೂ ನಡೆಸುತ್ತಿದೆ. ಅದರ ಹುಟ್ಟಿನ ಹಿಂದೆ ಒಂದು ಕಾಯ್ದೆಯ ಬಲವಿತ್ತು. ಅಲ್ಲಿಯವರೆಗೆ ಪೇಟೆಗೆ ಬಿಳಿ ಸಕ್ಕರೆ ಜಾವಾದಿಂದ ಹಡಗು ಹಡಗಾಗಿ ಬರುತ್ತಿತ್ತು. 1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆ ಹೊರಗಿನ ಸಕ್ಕರೆಗೆ ಸುಂಕ ಹೇರಿ ದೇಶದ ಒಳಗೆ ಕಾರ್ಖಾನೆಗಳ ಸಂಖ್ಯೆಯನ್ನು ಕೆಲವೇ ವರ್ಷಗಳಲ್ಲಿ ನಾಲ್ಕು ಪಟ್ಟು ಹೆಚ್ಚಿಸಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದೂ ಅದೇ ಅಲೆಯಲ್ಲಿ, 1933ರಲ್ಲಿ. ಉಗಾರದಲ್ಲಿ ಈಗ ಸಕ್ಕರೆಯ ಜೊತೆಗೆ ಮದ್ಯಸಾರ, ಎಥೆನಾಲ್, ಕಬ್ಬಿನ ಸಿಪ್ಪೆ ಉರಿಸಿ ತೆಗೆದ ವಿದ್ಯುತ್ತು ಎಲ್ಲವೂ ಉಂಟು.

ಕಾರ್ಖಾನೆಯ ಅಂಗಳದಲ್ಲಿ ಗಮನಿಸಬೇಕಾದ್ದು ಯಂತ್ರಕ್ಕಿಂತ ಗಡಿಬಿಡಿ. ಜೋಳವನ್ನು ಕಣಜದಲ್ಲಿ ವರ್ಷಗಟ್ಟಲೆ ಇಡಬಹುದು, ಹತ್ತಿಯನ್ನು ಅಂಡಿಗೆ ಕಟ್ಟಿ ಕಾಯಬಹುದು. ಕಬ್ಬು ಹಾಗಲ್ಲ. ಕಡಿದ ಗಳಿಗೆಯಿಂದಲೇ ಅದರೊಳಗಿನ ಸಕ್ಕರೆ ಒಡೆಯತೊಡಗುತ್ತದೆ, ತೂಕ ಇಳಿಯುತ್ತದೆ, ಒಂದು ದಿನ ತಡವಾದರೂ ನಷ್ಟ ಎಣಿಸಿ ಹೇಳಬಹುದು. ಆದ್ದರಿಂದ ಕಬ್ಬು ನಂಬಿದ ನಾಡಿನಲ್ಲಿ ಹೊಲದ ಕುಡಗೋಲು, ರಸ್ತೆಯ ಟ್ರ್ಯಾಕ್ಟರು, ಗಿರಣಿಯ ಉರುಳೆ, ಬಾಯ್ಲರಿನ ಬೆಂಕಿ ಇವೆಲ್ಲ ಒಂದೇ ಗಡಿಯಾರಕ್ಕೆ ಓಡಬೇಕಾಗುತ್ತದೆ. ಮದುವೆಯ ಮುಹೂರ್ತ, ಸಾಲದ ವಾಯಿದೆ, ಮನೆ ಕಟ್ಟುವ ಯೋಚನೆ ಎಲ್ಲವೂ ಬಿಲ್ಲು ಬರುವ ದಿನಕ್ಕೆ ಕಟ್ಟಿಕೊಂಡಿವೆ. ಎರಡೆರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲುಗಟ್ಟಿ ನಿಂತಿರುತ್ತವೆ, ನಡುನಡುವೆ ಟೈರಿನ ಎತ್ತಿನಗಾಡಿಗಳು.

"ಅಣ್ಣಾರ, ನಿಮ್ಮ ಪಾಳಿ ಯಾವಾಗ ಬರತೈತ್ರಿ?"

"ಏನ್ ಹೇಳ್ಲಿರಿ, ಮುಂದಿನ ಗಾಡಿ ಸರದ್ರ ನಮ್ದೂ ಸರಿತೈತಿ."

ಪಾಳಿ ಬಂದವರು ಮೊದಲು ಏರುವುದು ಕಾಟಾದ, ಅಂದರೆ ಗಾಡಿ ತೂಗುವ ತಕ್ಕಡಿಯ ಮೇಲೆ. ಈ ಸೀಮೆಯಲ್ಲಿ ಕಾಟಾದಷ್ಟು ಮಾತಿಗೆ ಬರುವ ವಸ್ತು ಇನ್ನೊಂದಿಲ್ಲ. ರೈತ ತಿಂಗಳುಗಟ್ಟಲೆ ಕಣ್ಣಾರೆ ಕಂಡ ಬೆಳೆ ಅಲ್ಲಿ ಅಂಕಿಯಾಗುತ್ತದೆ. ಅದರ ಹಿಂದೆ ಇನ್ನೊಂದು ಅಂಕಿ ಇದೆ, ಇಳುವರಿ. ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಇಳಿಯಿತು ಎಂಬ ಲೆಕ್ಕ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ 10.25 ಪ್ರತಿಶತ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ನಿಗದಿ ಮಾಡಿತು. ಅದರಲ್ಲಿ ಕಟಾವು ಮತ್ತು ಸಾಗಾಟದ ಖರ್ಚು ಕಳೆದು ಉಳಿದದ್ದು ರೈತನಿಗೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಹದಿನಾಲ್ಕು ದಿನದೊಳಗೆ ಹಣ ಸಲ್ಲಬೇಕು. ತೂಕವೂ ಇಳುವರಿಯೂ ಕಾರ್ಖಾನೆಯ ಒಳಗೇ ಅಳೆಯುವಂಥವು, ಹೊಲದಲ್ಲಿ ನಿಂತು ಅಳೆಯುವಂಥವಲ್ಲ. ಎಲ್ಲ ಕಡೆ ಸರ್ಕಾರಿ ಕಾಟಾ ಬೇಕೆಂದು ರೈತ ಸಂಘಟನೆಗಳು ಮತ್ತೆ ಮತ್ತೆ ಕೇಳುವುದು ಇದೇ ಕಾರಣಕ್ಕೆ. ಈ ಬೇಡಿಕೆ ನ್ಯಾಯವಾದದ್ದು. ಅಳೆಯುವ ಸಾಧನ ಯಾರ ಕೈಯಲ್ಲಿದೆಯೋ ಬೆಲೆಯ ಅರ್ಧ ಅವರ ಕೈಯಲ್ಲಿದ್ದಂತೆ.

2013ರ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿರುವಾಗಲೇ, ಹೊರಗೆ ಕಬ್ಬಿನ ಬೆಲೆಗಾಗಿ ನಡೆದ ಧರಣಿಯಲ್ಲಿ ರಾಯಬಾಗ ತಾಲ್ಲೂಕಿನ ಒಬ್ಬ ರೈತ ವಿಷ ಕುಡಿದು ಪ್ರಾಣ ಬಿಟ್ಟ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕುಳಿತರು, ಸರ್ಕಾರ 3,300ಕ್ಕೆ ಮಾತು ಮುಗಿಸಿತು. ಎರಡೂ ಸಲ ತಿಂಗಳು ನವೆಂಬರೇ ಆಗಿದ್ದು ಆಕಸ್ಮಿಕವಲ್ಲ, ಹಂಗಾಮು ಶುರುವಾಗುವ ಹೊತ್ತದು. ಕಾರ್ಖಾನೆಗೆ ಕಬ್ಬು ತುರ್ತಾಗಿ ಬೇಕಾದಾಗ ಮಾತ್ರ ರೈತನ ಮಾತಿಗೆ ತೂಕ. ತನ್ನ ಹೊಲದಲ್ಲಿ ನಿಂತ ಕಬ್ಬೂ ಅದೇ ಹೊತ್ತಿಗೆ ಒಣಗತೊಡಗಿರುತ್ತದೆ ಎಂಬುದು ಅವನ ಸಂಕಟ.

ಒಳಗೆ ಹೋದರೆ ಕಬ್ಬು ಸೀಳಾಗಿ, ಉರುಳೆಗಳ ನಡುವೆ ಹಿಂಡಿಸಿಕೊಂಡು ರಸವಾಗುತ್ತದೆ. ಸುಣ್ಣವೂ ಗಂಧಕದ ಹೊಗೆಯೂ ರಸದ ಕೊಳೆ ತೆಗೆಯುತ್ತವೆ. ಮುಂದೆ ಸಾಲಾಗಿ ನಿಂತ ಎತ್ತರದ ಪಾತ್ರೆಗಳಲ್ಲಿ ಮೊದಲನೆಯದರ ಆವಿ ಎರಡನೆಯದಕ್ಕೆ ಉರುವಲಾಗಿ, ಎರಡನೆಯದರ ಆವಿ ಮೂರನೆಯದಕ್ಕೆ ಉರುವಲಾಗಿ ರಸ ಗಟ್ಟಿಯಾಗುತ್ತ ಹೋಗುತ್ತದೆ. ಈ ಯುಕ್ತಿ ಹುಟ್ಟಿದ್ದು ಅಮೆರಿಕದ ಲೂಯಿಸಿಯಾನದಲ್ಲಿ. ಅಲ್ಲಿನ ಕಬ್ಬಿನ ತೋಟಗಳಲ್ಲಿ ಗುಲಾಮರು ಕುದಿಯುವ ರಸವನ್ನು ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಸೌಟಿನಿಂದ ಸುರಿಯುತ್ತ ಮೈಸುಟ್ಟುಕೊಳ್ಳುತ್ತಿದ್ದರು. ಆಫ್ರಿಕನ್ ಮೂಲದ ತಾಯಿಯ ಮಗ ನಾರ್ಬರ್ಟ್ ರಿಲಿಯೊ 1843ರಲ್ಲಿ ಪೇಟೆಂಟ್ ಪಡೆದ ಆವಿಪಾತ್ರೆಗಳ ಸಾಲು ಆ ಸೌಟನ್ನು ತಪ್ಪಿಸಿತು. ಇಂದು ಕೃಷ್ಣೆಯ ದಂಡೆಯ ಯಾವ ಸಕ್ಕರೆ ಕಾರ್ಖಾನೆಗೆ ಹೋದರೂ ಅವನ ಯುಕ್ತಿಯೇ ದುಡಿಯುತ್ತಿರುತ್ತದೆ.

ಕೊನೆಯ ಹಂತದಲ್ಲಿ ಪ್ಯಾನ್ ಇದೆ, ಹರಳು ಕಟ್ಟುವ ಪಾತ್ರೆ. ಅದರ ಮುಂದೆ ನಿಂತ ಪ್ಯಾನ್‌ಮನ್ ಸಣ್ಣ ಸಲಾಕೆಯಿಂದ ಪಾಕದ ತುಣುಕನ್ನು ಹೊರತೆಗೆದು ಗಾಜಿನ ಚೂರಿನ ಮೇಲೆ ಹೆಬ್ಬೆರಳಿನಿಂದ ಸವರಿ ದೀಪಕ್ಕೆ ಹಿಡಿಯುತ್ತಾನೆ. ಕಾಳು ಸಮನಾಗಿದೆಯೇ, ನಡುವೆ ಪುಡಿ ಹುಟ್ಟಿದೆಯೇ ಎಂದು ಕ್ಷಣದಲ್ಲಿ ಹೇಳುತ್ತಾನೆ. ಮೀಟರುಗಳು ಎಷ್ಟಿದ್ದರೂ ಆ ಗಾಜು ಇನ್ನೂ ಬದಿಗೆ ಸರಿದಿಲ್ಲ. ಮೀರಜಿನ ಗಲ್ಲಿಯಲ್ಲಿ ತಂತಿಗೆ ಕಿವಿಗೊಟ್ಟು ಕೂತವನ ಪಾಲಿನ ಅರಿವೇ ಇಲ್ಲಿ ಬೆರಳಿಗೆ ಬಂದಿದೆ.

ಹೊರಗೆ, ಕಬ್ಬು ಕಡಿಯುವವರ ಪಾಲು ಬೇರೆ. ಹಂಗಾಮಿಗೆ ಮುನ್ನ ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರದ ಒಣ ಹಳ್ಳಿಗಳಿಂದ ಟೋಳಿಗಳು ಇಳಿಯುತ್ತವೆ. ಕೂಲಿಗುತ್ತಿಗೆದಾರ ಮುಕಾದಮನಿಂದ ಮುಂಗಡ ಪಡೆದ ಗಂಡಹೆಂಡಿರನ್ನು ಜೋಡಿಯಾಗಿ ಒಂದು ಕೊಯ್ತಾ, ಅಂದರೆ ಒಂದು ಕುಡಗೋಲು, ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ರೂಢಿ. ಇಬ್ಬರ ದುಡಿಮೆಗೆ ಒಂದೇ ಹೆಸರು, ಅದೂ ಕೈಯಲ್ಲಿರುವ ಕಬ್ಬಿಣದ್ದು. ಗಂಡ ಬುಡ ಕಡಿಯುತ್ತಾನೆ, ಹೆಂಡತಿ ಸವರಿ ಹೊರೆ ಕಟ್ಟುತ್ತಾಳೆ, ತಲೆಯ ಮೇಲೆ ಹೊತ್ತು ಹಲಗೆ ಹತ್ತಿ ಟ್ರೇಲರಿಗೆ ತುಂಬುತ್ತಾಳೆ. ನಡುವೆ ನಸುಕಿನ ಅಡುಗೆ, ಮಗುವಿನ ಹಾಲು. ಒಂದು ದಿನ ತಪ್ಪಿದರೆ ಮುಂಗಡದ ಬಾಕಿ ಬೆಳೆಯುತ್ತದೆ. ಬೀಡ ಜಿಲ್ಲೆಯಲ್ಲಿ ಇಂಥ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವುದು ಸುದ್ದಿಯಾಗಿ 2019ರಲ್ಲಿ ಮಹಾರಾಷ್ಟ್ರ ಸರ್ಕಾರ ತನಿಖೆಗೆ ಸಮಿತಿ ರಚಿಸಬೇಕಾಯಿತು. ಸಕ್ಕರೆಯ ಗಡಿಯಾರ ಅಷ್ಟು ಆಳಕ್ಕೆ, ಹೆಣ್ಣಿನ ಒಡಲಿನವರೆಗೆ, ಕೈ ಚಾಚಿದೆ. ಹಿಂದೆ ಕರಿಬಿಯನ್ ದ್ವೀಪಗಳಿಗೆ ಆಫ್ರಿಕದವರನ್ನು ಸರಪಳಿ ಹಾಕಿ ಒಯ್ದದ್ದು, ಗುಲಾಮಗಿರಿ ನಿಂತ ಮೇಲೆ 1834ರಿಂದ ಮಾರಿಷಸ್ಸಿಗೆ, ಮುಂದೆ ಗಯಾನಾ, ಟ್ರಿನಿಡಾಡ್, ಫಿಜಿಗಳಿಗೆ ಭಾರತೀಯರನ್ನು ಕರಾರು ಬರೆಸಿ ಸಾಗಿಸಿದ್ದು ಎಲ್ಲವೂ ಇದೇ ಬೆಳೆಗೆ. ಕಾಲ ಬದಲಾಗಿದೆ, ಕಾನೂನು ಬದಲಾಗಿದೆ. ಕಡಿಯುವವರು ಮಾತ್ರ ಇಂದಿಗೂ ದೂರದಿಂದ, ಸಾಲ ಹೊತ್ತುಕೊಂಡೇ ಬರುತ್ತಾರೆ.

ಕಬ್ಬು ಕೂಡ ಮನುಷ್ಯ ತಿದ್ದಿದ್ದೇ. ನ್ಯೂಗಿನಿಯ ದಪ್ಪ ಸಿಹಿ ಕಬ್ಬಿಗೆ ನಮ್ಮ ಹೊಳೆದಂಡೆಯ ಕಾಡುಕಬ್ಬಿನ ಗಟ್ಟಿತನ ಕೂಡಿಸಿ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ವಿಜ್ಞಾನಿಗಳಾದ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಹೊಸ ತಳಿ ತೆಗೆದರು. 1912ರಲ್ಲಿ ಆರಂಭವಾದ ಆ ಸಂಸ್ಥೆಯ ಗುರುತು ಇಲ್ಲಿನ ಹೊಲಗಳಲ್ಲಿ ಇಂದಿಗೂ ಕೋ 86032 ಎಂಬ ಹೆಸರಿನಲ್ಲಿ ನಿಂತಿದೆ. ರೈತರು ಅಂಕಿಯನ್ನು ಮನೆಯ ಹೆಸರಿನಂತೆ ಆಡುತ್ತಾರೆ. ಮಣ್ಣಿನ ತಿದ್ದುವಿಕೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ವರ್ಷವಿಡೀ ನೀರು ಹಾಯಿಸಿದ ಎರೆಯಲ್ಲಿ ಉಪ್ಪು ಮೇಲೆದ್ದು ಎಷ್ಟೋ ಹೊಲ ಸವಳಾದವು. ನೆರೆಯ ಉಗಾರ ಬುದ್ರುಕದಲ್ಲಿ ತೂತುಳ್ಳ ಪೈಪುಗಳನ್ನು ನೆಲದಡಿ ಹೂಳಿ ಹೆಚ್ಚಾದ ನೀರನ್ನೂ ಉಪ್ಪನ್ನೂ ಬಸಿಯುವ ಕೆಲಸ ನಡೆಯಿತು. ನೀರು ತರಲು ಒಂದು ಪೈಪು, ಅದೇ ನೀರನ್ನು ಹೊರಹಾಕಲು ಇನ್ನೊಂದು.

ವಸ್ತುಗಳ ಈ ಒತ್ತಡದ ನಡುವೆಯೇ ಈ ನೆಲ ಇನ್ನೊಂದು ದಾರಿಯನ್ನೂ ಕಂಡಿದೆ. ಉಗಾರದ ಪಕ್ಕದ ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಹುಡುಗ ಮುಂದೆ ಆಚಾರ್ಯ ವಿದ್ಯಾನಂದರಾದರು. ನಿಪ್ಪಾಣಿ ಕಡೆಯ ಭೋಜದ ಮನೆತನದಿಂದ ಆಚಾರ್ಯ ಶಾಂತಿಸಾಗರರು ಬಂದರು, 1955ರಲ್ಲಿ ಕುಂಥಲಗಿರಿಯಲ್ಲಿ ಅನ್ನನೀರು ತೊರೆಯುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಸಾಗರರು 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೊಂಗರಗಢದಲ್ಲಿ ಅದೇ ವ್ರತದಿಂದ ಕಣ್ಣುಮುಚ್ಚಿದರು. ಒಂದು ದಿನದಲ್ಲಿ ಸುತ್ತಿಬರಬಹುದಾದ ಸೀಮೆಯಿಂದ ಮೂವರು ದಿಗಂಬರ ಜೈನ ಆಚಾರ್ಯರು. ಅಂಗಿಯನ್ನೂ ಬಿಟ್ಟವರ ಬಳಿ ಉಳಿಯುವುದು ನವಿಲುಗರಿಯ ಪಿಂಛಿ, ನೀರಿನ ಕಮಂಡಲು ಮತ್ತು ಶಾಸ್ತ್ರ. ಕೂರುವ ಜಾಗದ ಇರುವೆಯನ್ನು ನೋಯಿಸದೆ ಸರಿಸಲು ಪಿಂಛಿ, ಅದಕ್ಕೂ ನವಿಲು ತಾನೇ ಉದುರಿಸಿದ ಗರಿ. ಎಲ್ಲವನ್ನೂ ಬಿಟ್ಟವರೂ ಈ ಮೂರು ವಸ್ತುಗಳ ಜೊತೆ ನಡೆಯಬೇಕಾಯಿತು, ಆ ವಸ್ತುಗಳೇ ಅವರ ನಡಿಗೆಯನ್ನು ನಿಧಾನಗೊಳಿಸಿ ಕಾಪಾಡಿದವು. ವಿದ್ಯಾಸಾಗರರ ಪ್ರೇರಣೆಯಿಂದ ಎಷ್ಟೋ ಕಡೆ, ಜೈಲುಗಳಲ್ಲೂ ಕೂಡ, ಕೈಮಗ್ಗಗಳು ಶುರುವಾದವು ಎಂಬುದನ್ನು ಇಲ್ಲಿ ನೆನೆಯಬೇಕು. ತಮಗೆ ಬಟ್ಟೆ ಬೇಡವೆಂದವರು ಬಡವನ ಕೈಗೆ ಮಗ್ಗ ಕೊಡಿಸಿದರು.

ಬೆಲೆಯ ಹೋರಾಟ ಕಬ್ಬಿಗಷ್ಟೇ ಸೇರಿದ್ದಲ್ಲ. ಉಗಾರದಿಂದ ಪಶ್ಚಿಮಕ್ಕೆ ನಿಪ್ಪಾಣಿ, ತಂಬಾಕಿನ ಪೇಟೆ. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತಿದ್ದಾಗ ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಹನ್ನೆರಡು ಜನ ಬಲಿಯಾದರು. ತಂಬಾಕು ಸೋಸುವ ವಖಾರಿಗಳ ಧೂಳಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳ ಹೋರಾಟವನ್ನು ಯುಗಾಂತರ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು.

ಉಗಾರದಿಂದ ಪೂರ್ವಕ್ಕೆ ಬಸ್ಸು ಹಿಡಿದರೆ ಅಥಣಿ. ಹೊರಗಿನ ಲೋಕ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ದೊಡ್ಡ ಪಾಲು ಈ ತಾಲ್ಲೂಕಿನಲ್ಲೂ ಸುತ್ತಲಿನ ಊರುಗಳಲ್ಲೂ ತಯಾರಾಗುತ್ತದೆ. ಜಾಲಿ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ನೆನೆದು ಹದವಾದ ತೊಗಲನ್ನು ಗಂಡಸರು ಕಲ್ಲಿನ ಮೇಲಿಟ್ಟು ಬಡಿದು ಅಟ್ಟೆ ಕತ್ತರಿಸುತ್ತಾರೆ. ಮನೆಯ ಹೆಂಗಸರು ಆಡಿನ ತೊಗಲಿನ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯುತ್ತಾರೆ. ಅಟ್ಟೆಯನ್ನು ಹೊಲಿಯುವುದು ತೊಗಲಿನ ದಾರದಿಂದಲೇ, ಮೊಳೆಗೆ ಜಾಗವಿಲ್ಲ. ಬದಿಗೆ ಎರಡು ಕಿವಿ, ಮುಂದೆ ಬೆರಳಿಗೆ ಉಂಗುರ. ಹೊಸ ಜೋಡು ಮೊದಲ ವಾರ ಕಾಲನ್ನು ಕಚ್ಚುತ್ತದೆ. ಎಣ್ಣೆ ಸವರಿ ಹಾಕಿಕೊಂಡು ತಿರುಗಿದರೆ ಹಿಮ್ಮಡಿಯ ಕುಳಿ, ಬೆರಳುಗಳ ಗುರುತು ಅಟ್ಟೆಯಲ್ಲಿ ಮೂಡುತ್ತವೆ. ಅಷ್ಟರಲ್ಲಿ ಕಾಲಿನ ಚರ್ಮವೂ ಬಾರು ತಾಗುವ ಕಡೆ ಗಟ್ಟಿಯಾಗಿರುತ್ತದೆ. ಆ ಮೇಲೆ ಆ ಜೋಡು ಇನ್ನೊಬ್ಬರಿಗೆ ಒಗ್ಗದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿಕೊಟ್ಟ ಕಥೆಯನ್ನು ಈ ನಾಡು ಮರೆತಿಲ್ಲ. ಮಾಡಿದ ಕೈಗಳಿಗೆ ಊರು ಕೊಟ್ಟ ಜಾಗ ಮಾತ್ರ ಶತಮಾನಗಳ ಕಾಲ ಊರ ಹೊರಗೇ ಆಗಿತ್ತು. ಕಾಲಿಗೆ ಬೇಕಾದ ವಸ್ತು ಒಳಗೆ, ಅದನ್ನು ಮಾಡಿದವ ಹೊರಗೆ. 2019ರಲ್ಲಿ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಈ ಚಪ್ಪಲಿಯ ಜಿಐ ಮಾನ್ಯತೆ ಜಂಟಿಯಾಗಿ ದೊರೆಯಿತು. ಗಡಿಗಾಗಿ ಜಗಳವಾಡುವ ಎರಡು ರಾಜ್ಯಗಳು ಒಂದು ಜೋಡಿನ ವಿಷಯದಲ್ಲಿ ಒಂದಾದವು. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಶನ್ ವೇದಿಕೆಯಲ್ಲಿ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರಿಲ್ಲದೆ ತೋರಿಸಿ, ಆಕ್ಷೇಪ ಎದ್ದ ಮೇಲೆ ಭಾರತದ ಕರಕುಶಲತೆಯ ಋಣವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಕರ್ನಾಟಕದ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದವಾಗಿ ಎರಡು ಸಾವಿರ ಜೋಡು ಇಲ್ಲಿನ ಕೈಗಳಿಂದಲೇ ಮಾಡಿಸುವ ಮಾತಾಯಿತು, ಬೆಲೆ ಜೋಡಿಗೆ 800 ಯೂರೋ ಆಸುಪಾಸು. ಕೊಲ್ಹಾಪುರದ ಹೆಸರಿನ ಜೊತೆಗೆ ಅಥಣಿಯ ಹೆಸರೂ ಆ ಪೆಟ್ಟಿಗೆಯ ಮೇಲೆ ಬೀಳಬೇಕು, ಹೆಣೆದ ಹೆಂಗಸಿನ ಕೂಲಿಗೂ ಆ ಬೆಲೆಯ ಪಾಲು ತಲುಪಬೇಕು.

ಉಗಾರದ ಸುತ್ತ ಈಗಿನ ಚರ್ಚೆ ಕಟಾವು ಯಂತ್ರದ್ದು. ಕಡಿಯುವ ಜನ ಸಿಗುವುದು ಕಷ್ಟವಾದಂತೆ ಈ ಯಂತ್ರಗಳು ಹೊಲಕ್ಕೆ ಇಳಿಯುತ್ತಿವೆ. ಯಂತ್ರಕ್ಕೆ ತನ್ನದೇ ಬೇಡಿಕೆಗಳಿವೆ. ಮೂರು ಅಡಿಯ ಸಾಲು ಅದಕ್ಕೆ ಸಾಲದು, ನಾಲ್ಕೂವರೆ, ಐದು ಅಡಿ ಬೇಕು. ಕಬ್ಬು ಬಿದ್ದಿರಬಾರದು, ತಿರುಗಲು ಹೊಲದ ತುದಿಯಲ್ಲಿ ಜಾಗ ಇರಬೇಕು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ತುಂಡು ಹೊಲಗಳಲ್ಲಿ ಇವ್ಯಾವುವೂ ಸುಲಭವಲ್ಲ. ಬದು ತೆಗೆದು ಹೊಲಗಳನ್ನು ಕೂಡಿಸಿದರೆ ಯಂತ್ರ ಬರುತ್ತದೆ, ಆದರೆ ಯಾರ ಪಾಲಿಗೆ ಎಷ್ಟು ಟನ್ನು ಎಂಬ ಲೆಕ್ಕವನ್ನು ಕಾಟಾದ ಮುಂದೆ ಮತ್ತೆ ಬಗೆಹರಿಸಬೇಕಾಗುತ್ತದೆ. ಯಂತ್ರ ಕತ್ತರಿಸಿದ ತುಂಡು ಕಬ್ಬು ಇಡೀ ಜಲ್ಲೆಗಿಂತ ಬೇಗ ಕೆಡುವುದರಿಂದ ಗಡಿಯಾರ ಇನ್ನೂ ಬಿಗಿಯಾಗುತ್ತದೆ. ಇತ್ತ ಮುಕಾದಮರು ಮುಂದಿನ ಹಂಗಾಮಿಗೆ ಮುಂಗಡ ಕೊಟ್ಟು ಹಳ್ಳಿಗಳಲ್ಲಿ ಜೋಡಿಗಳನ್ನು ಗೊತ್ತುಮಾಡುತ್ತಲೇ ಇದ್ದಾರೆ, ಯಾಕೆಂದರೆ ಮಳೆ ಹಿಡಿದ ವರ್ಷ ಕೆಸರಾದ ಎರೆಹೊಲಕ್ಕೆ ಇಳಿಯಬಲ್ಲದ್ದು ಇವತ್ತಿಗೂ ಕೊಯ್ತಾ ಹಿಡಿದ ಆ ಇಬ್ಬರೇ.